ಜೂಮ್ ಬೇಡವೆಂದವಳು

ನನ್ನ ಓರಗಿತ್ತಿ ಮದುವೆಯಾಗಿ ಬಂದಾಗಿನಿಂದ ನಮ್ಮ ಮನೆಯವರ ಫೋಟೋ ಸ್ಟುಡಿಯೋದಲ್ಲಿ ಕೌಂಟರ್ ನೋಡಿಕೊಳ್ಳುತ್ತಿದ್ದಳು. ಬಂದವರ ಕಾಲರ್ ಸರಿಮಾಡುವುದು, ಗಲ್ಲ ಸ್ವಲ್ಪ ಎತ್ತಿಸುವುದು, ಪ್ರಿಂಟ್ ಕತ್ತರಿಸಿ ಲಕೋಟೆಗೆ ಹಾಕುವುದು ಅವಳ ಕೆಲಸ. ಕ್ಯಾಮೆರಾ ಮಾತ್ರ ನಮ್ಮ ಮನೆಯವರದು. ಅದರ ಸ್ಟ್ಯಾಂಡಿಗೆ ನೆಲದ ಮೇಲೆ ಕೆಂಪು ಟೇಪಿನ ಗುರುತು. ಗಿರಾಕಿಯ ಸ್ಟೂಲಿಗೆ ಇನ್ನೊಂದು. ಗುಡಿಸುವಾಗ ಸ್ಟೂಲು ಒಂದಿಷ್ಟು ಸರಿದರೂ ಅವರ ಮುಖ ಗಂಟಿಕ್ಕಿಕೊಳ್ಳುತ್ತಿತ್ತು.

ತನ್ನ ಮಗಳು ಹಾಸ್ಟೆಲ್ ಸೇರಿದ ಮೇಲೆ ಅವಳೊಂದು ಹಳೆಯ ಕ್ಯಾಮೆರಾ ಕೊಂಡುತಂದಳು. ಬರೀ ಬಾಡಿ, ಲೆನ್ಸ್ ಇಲ್ಲ. ಊಟದ ಮೇಜಿನ ಮೇಲಿಟ್ಟಾಗ ನನ್ನ ಮೈದುನ ನಕ್ಕುಬಿಟ್ಟ.

“ಕಣ್ಣೇ ಇಲ್ಲದ್ದನ್ನ ತಂದಿದ್ದೀಯಲ್ಲೇ!”

“ಕಣ್ಣು ನಾನೇ ಆರಿಸ್ತೀನಿ. ನೀವು ಊಟ ಮಾಡಿ,” ಎಂದಳು.

ನಮ್ಮ ಮನೆಯವರು ಕಪಾಟಿನಿಂದ ತಮ್ಮ ಜೂಮ್ ಲೆನ್ಸ್ ತೆಗೆದುಕೊಟ್ಟರು. “ಕಲಿಯೋರಿಗೆ ಇದೇ ಸರಿ ಕಣಮ್ಮ. ನಿಂತಲ್ಲೇ ನಿಂತು ತಿರುಗಿಸು, ಹತ್ತಿರದ್ದೂ ಸಿಗುತ್ತೆ, ದೂರದ್ದೂ ಸಿಗುತ್ತೆ. ಹೆಂಗಸರು ಜನರ ಮಧ್ಯೆ ನುಗ್ಗೋದೂ ತಪ್ಪುತ್ತೆ.”

ಕೆಲವು ವಾರ ಅದನ್ನೇ ಬಳಸಿದಳು. ಒಂದು ಸಂಜೆ ಅಡುಗೆಮನೆಗೆ ಬಂದು ತೆಗೆದದ್ದನ್ನೆಲ್ಲ ತೋರಿಸಿದಳು. ಬಸ್ಸಿಗೆ ಕಾಯುವವರು, ತರಕಾರಿ ಮಾರುವವಳು, ಶಾಲೆ ಬಿಟ್ಟ ಮಕ್ಕಳು. ನಾನು ಸೊಪ್ಪು ಬಿಡಿಸುತ್ತಾ ನೋಡಿದೆ.

“ಚೆನ್ನಾಗೇ ಇವೆಯಲ್ಲೇ.”

“ಏನು ಚೆನ್ನ ಅಕ್ಕಾ! ಎಲ್ಲಾ ಕಿಟಕೀಲಿ ಇಣುಕಿ ತೆಗೆದ ಹಾಗಿದೆ. ಒಬ್ಬರ ಹತ್ತಿರಾನೂ ನಾನು ಹೋಗಿಲ್ಲ. ಲೆನ್ಸೇ ಹೋಗಿ ಬಂದಿದೆ.”

ಮಾರನೆಯ ದಿನ ಹಳೆಯ ಕ್ಯಾಮೆರಾ ಸಾಮಾನು ಮಾರುವ ಅಂಗಡಿಗೆ ನನ್ನನ್ನೂ ಎಳೆದುಕೊಂಡು ಹೋದಳು. ಅಂಗಡಿಯವನು ಜೂಮ್ ಇಲ್ಲದ ಎರಡು ಪುಟ್ಟ ಲೆನ್ಸ್ ಮುಂದಿಟ್ಟ, ಒಂದು ಐವತ್ತು ಎಂ.ಎಂ., ಇನ್ನೊಂದು ಮೂವತ್ತೈದು. ಐವತ್ತರದನ್ನು ಹಾಕಿ ನೋಡಿದರೆ ಅವನ ಮೀಸೆಯೇ ತುಂಬಿಕೊಂಡಿತಂತೆ. ಮೂವತ್ತೈದರದರಲ್ಲಿ ಅವನೂ ಕಂಡ, ಅವನ ಹಿಂದಿನ ಕಪಾಟೂ ಕಂಡಿತು. ಅವಳು ಅದನ್ನೇ ಹಿಡಿದುಕೊಂಡಳು.

“ಅಕ್ಕೋರೇ, ಇದರಲ್ಲಿ ತಿರುಗಿಸೋದಿಲ್ಲ, ನೀವೇ ಹಿಂದೆ ಮುಂದೆ ಓಡಾಡ್ಬೇಕು. ಗುಂಪು ಬಂದ್ರೆ ಹಿಂದೆ ಹೋಗೀ ಹೋಗೀ ಗೋಡೆಗೆ ಬೆನ್ನು ತಾಗುತ್ತೆ. ಆಮೇಲೆ ನನ್ನ ಬೈಬೇಡಿ.”

“ತಾಗಲಿ ಬಿಡಿ. ಬೆನ್ನು ನಂದೇ ತಾನೆ?”

ತಮ್ಮ ಲೆನ್ಸ್ ಕಪಾಟಿಗೆ ವಾಪಸು ಬಂದದ್ದು ನೋಡಿ ನಮ್ಮ ಮನೆಯವರಿಗೆ ಸಿಟ್ಟು ಬಂತು. “ಸರಿ. ಭಾನುವಾರ ನನಗೆ ಎರಡು ಕಡೆ ಕೆಲಸ ಇದೆ. ಆ ಪೋಸ್ಟ್‌ಮಾಸ್ಟರ್ ಮನೆಗೆ ನೀನು ಹೋಗು. ಅವರ ತಾಯಿ ಹುಟ್ಟಿದ ದಿನವಂತೆ. ಚೆನ್ನಾಗಿ ಬಂದ್ರೆ ಹೊರಗಿನ ಕೆಲಸ ಇನ್ಮೇಲೆ ನಿಂದು. ಕೆಟ್ಟರೆ ಕ್ಯಾಮೆರಾ ಮಾತೇ ಎತ್ತಬೇಡ.”

ಚೀಲ ಹಿಡಿಯಲು ನಾನೂ ಹೋದೆ. ದಾರಿಯುದ್ದಕ್ಕೂ ಮನಸ್ಸಿನಲ್ಲೇ ದೇವರನ್ನು ಬೇಡಿಕೊಂಡೆ, ಅವಳಿಗೆ ಹೇಳಲಿಲ್ಲ.

ಆ ಮನೆಯ ನಡುಕೋಣೆಗೆ ಕಾಲಿಟ್ಟವಳೇ ಅವಳು ಚೀಲದಿಂದ ಕೆಂಪು ಟೇಪು ತೆಗೆದಳು! ನೆಲ ಒರೆಸಿ, ಅಳೆದು, ತನಗೊಂದು ಗುರುತು, ಕುರ್ಚಿಗೊಂದು ಗುರುತು ಅಂಟಿಸಿದಳು. ಮನೆಯವರೆಲ್ಲ ಬಾಯಿಬಿಟ್ಟುಕೊಂಡು ನೋಡುತ್ತಿದ್ದರು. ಅಜ್ಜಿ ಕಿಟಕಿಯ ಪಕ್ಕದ ಮಂಚದ ಮೇಲೆ ಕೂತಿದ್ದರು.

“ಅಜ್ಜೀ, ಈ ಕುರ್ಚಿಗೆ ಬರ್ತೀರಾ?”

“ಯಾಕೆ, ಇಲ್ಲಿ ನನಗೇನಾಗಿದೆ?”

“ಫೋಟೋ ಅಲ್ಲಿ ಸರಿಯಾಗಿ ಬರುತ್ತೆ.”

“ನಾನು ಏಳೋಕಾಗಲ್ಲಮ್ಮ, ಮಂಡಿ ನೋವು. ನಿನ್ನ ಕಾಲು ಗಟ್ಟಿಯಾಗಿವೆಯಲ್ಲ, ನೀನೇ ಬಾ.”

ಎಲ್ಲರೂ ನಕ್ಕರು. ಅವಳ ಮುಖ ಕೆಂಪಾಯಿತು. ಬಗ್ಗಿ ಟೇಪು ಕಿತ್ತಳು, ಉಂಡೆ ಮಾಡಿ ನನ್ನ ಕೈಗಿಟ್ಟಳು. ಮಂಚದ ಬಳಿ ಹೋಗಿ ನೆಲದ ಮೇಲೆ ಕೂತಳು.

“ಇಷ್ಟು ಹತ್ತಿರ ಬಂದೋಳು ಬಾಯಿಗೆ ಬೀಗ ಹಾಕ್ಕೊಂಡ್ರೆ ಹೇಗೆ? ಮಕ್ಕಳೆಷ್ಟು ನಿನಗೆ?” ಎಂದರು ಅಜ್ಜಿ.

ಹಾಸ್ಟೆಲಿನ ಮಗಳ ಸುದ್ದಿ ಬಂತು, ಅಜ್ಜಿ ತಾವು ಶಾಲೆಗೆ ಚಕ್ಕರ್ ಹೊಡೆದ ಕಥೆ ಬಂತು. ಹೇಳುತ್ತಾ ಹೇಳುತ್ತಾ ನಗು ತಡೆಯಲಾಗದೆ ಕೈಯಿಂದ ಬಾಯಿ ಮುಚ್ಚಿಕೊಂಡರು. ಫ್ಲಾಶ್ ಇಲ್ಲ, ಕಿಟಕಿಯ ಬೆಳಕಷ್ಟೇ. ಅವಳು ಯಾವಾಗ ಕ್ಲಿಕ್ ಮಾಡಿದಳೋ ಪಕ್ಕದಲ್ಲಿದ್ದ ನನಗೂ ತಿಳಿಯಲಿಲ್ಲ.

ಕೊನೆಗೆ ಮಂಚದ ಸುತ್ತ ಇಡೀ ಕುಟುಂಬ ನಿಂತಿತು, ಎರಡು ತುದಿಗೆ ಮನೆಯ ಇಬ್ಬರು ಅಳಿಯಂದಿರು. ಅವಳು ಹಿಂದೆ ಸರಿದಳು, ಸರಿದಳು, ಗೋಡೆಗೆ ಬೆನ್ನು ತಾಗಿತು. “ಒತ್ತಿ ನಿಲ್ಲಿ, ಇನ್ನೂ ಒತ್ತಿ,” ಎಂದು ಕೂಗುತ್ತಲೇ ತೆಗೆದಳು.

ಸೋಮವಾರ ನಮ್ಮ ಮನೆಯವರು ಕಂಪ್ಯೂಟರಿನಲ್ಲಿ ಎಲ್ಲವನ್ನೂ ನೋಡಿದರು. ಅಜ್ಜಿಯ ನಗು ಬಂದಾಗ ಕುರ್ಚಿ ಮುಂದಕ್ಕೆ ಎಳೆದುಕೊಂಡರು. ಗುಂಪಿನ ಫೋಟೋ ಬಂದಾಗ ಪರದೆಗೆ ಬೆರಳಿಟ್ಟರು. “ಇಬ್ಬರು ಅಳಿಯಂದಿರೂ ಅರ್ಧರ್ಧ. ಈ ಕಡೆ ಒಂದು ಭುಜ, ಆ ಕಡೆ ಒಂದು ಕಿವಿ. ಜೂಮ್ ಇದ್ದಿದ್ರೆ ಪೂರ್ತಿ ಬರ್ತಿದ್ರು.”

“ಹೌದು ಭಾವ, ಅವರು ಬರ್ತಿದ್ರು. ಅಜ್ಜಿ ಬರ್ತಿರಲಿಲ್ಲ.”

“ತಪ್ಪು ಮಾಡಿ ಮತ್ತೆ ವಾದ ಬೇರೆ! ಜೂಮ್ ಹಾಕ್ಕೊಂಡ್ರೆ ಮಾತ್ರ ಹೊರಗೆ ಕಳಿಸ್ತೀನಿ. ಇಲ್ಲಾಂದ್ರೆ ಕೌಂಟರ್.”

“ಜಾಗ ನೋಡದೆ ನಿಲ್ಲಿಸಿದ್ದು ನನ್ನ ತಪ್ಪು. ಅದನ್ನ ನಾನೇ ಸರಿಮಾಡ್ತೀನಿ. ಲೆನ್ಸ್ ಆರಿಸಿದ್ದು ತಪ್ಪಲ್ಲ. ಕೌಂಟರ್ ಸಂಜೆವರೆಗೆ ನೋಡ್ಕೋತೀನಿ. ಆಮೇಲೆ ನೀವು ಕಳಿಸೋದೂ ಬೇಡ, ತಡೆಯೋದೂ ಬೇಡ.”

ಭಾವನ ಮುಂದೆ ಅವಳು ಹಾಗೆ ನೇರವಾಗಿ ನಿಂತದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ. ನಮ್ಮ ಮನೆಯವರು ನನ್ನ ಕಡೆ ತಿರುಗಿದರು. ನಾನು ಅವಳ ಚೀಲ ಎತ್ತಿಕೊಂಡೆ.

ಫೋಟೋದಲ್ಲಿ ಅರ್ಧವೇ ಬಂದದ್ದನ್ನು ಅವಳು ಫೋನಿನಲ್ಲಿ ಮೊದಲೇ ಹೇಳಿಬಿಟ್ಟಿದ್ದಳು; ಸಂಜೆ ಆ ದೊಡ್ಡ ಅಳಿಯನ ಮನೆಯ ಬಾಗಿಲು ತಟ್ಟಿದೆವು. ಅವನು ಕ್ಯಾಮೆರಾ ಕಂಡದ್ದೇ ಹೆಂಡತಿಯನ್ನು ಕೂಗಿ ಕರೆದ.

“ಏನಮ್ಮಾ, ಈ ಸಲ ನನ್ನನ್ನ ಪೂರ್ತಿ ತೆಗೀತೀಯೋ, ಉಳಿದರ್ಧಾನೋ?”

“ನಿಂತ್ಕೊಳ್ಳಿ, ನೋಡೋಣ,” ಎನ್ನುತ್ತಾ ಅವಳು ಚಪ್ಪಲಿ ಬಿಟ್ಟು ಒಳಗೆ ನಡೆದಳು.