ಚಾಕ್‌ಪೀಸಿನ ಹಡಗು

ಗುಲಾಮರ ಹಡಗಿನ ಇಕ್ಕಟ್ಟನ್ನು ಪುಸ್ತಕ ನೋಡಿ ಓದಿದರೆ ಒಂಬತ್ತನೇ ಕ್ಲಾಸು ಆಕಳಿಸುತ್ತದೆ. ಅದಕ್ಕೇ ಕಡಲ ದಡದ ನಮ್ಮ ಕೋಡಿ ಊರಿನ ಶಾಲೆಯಲ್ಲಿ ನೆಲಕ್ಕೆ ಚಾಕ್‌ಪೀಸಿನಿಂದ ಗೆರೆ ಎಳೆದು, ಮಕ್ಕಳನ್ನು ಒತ್ತೊತ್ತಾಗಿ ಮಲಗಿಸಿದೆ.

“ಸರ್, ಕುಂದಾಪ್ರದ ಬಸ್ಸಂಗೆ ಇಷ್ಟ್ ಜಾಗವೂ ಇಲ್ಲೆ!” ಅಂತ ಹುಡುಗರು ನಕ್ಕರು. ನನಗೂ ನಗು ಬಂತು.

ಹುಡುಗಿಯರ ಸಾಲಿನಿಂದ, ಮೀನುಗಾರರ ಮನೆಯ ಸುಜಾತ ಮಲಗಿದಲ್ಲೇ ಕೇಳಿದಳು: “ಯಾರಾರೂ ನೀರಿಗ್ ಬಿದ್ರೆ ಹಡ್ಗ್ ತಿರ್ಗಸ್ತಿದ್ರಾ?”

ಇಲ್ಲಿ ಕಡಲಿಗೆ ಹೋದ ಒಬ್ಬ ಕಾಣೆಯಾದರೆ ಊರಿನ ದೋಣಿಗಳೆಲ್ಲ ಮೀನು ಹಿಡಿಯುವುದು ಬಿಟ್ಟು ಹುಡುಕಲು ಹೋಗುತ್ತವೆ.

“ಇಲ್ಲ. ಕಾಯಿಲೆ ಬಿದ್ದ ಗುಲಾಮರನ್ನು ನಾವಿಕರೇ ಎತ್ತಿ ಕಡಲಿಗೆ ಎಸೆಯುತ್ತಿದ್ದರು,” ಅಂದೆ.

ನಗು ನಿಂತಿತು. ಸುಜಾತ ಎದ್ದು ಯೂನಿಫಾರ್ಮಿನ ಧೂಳು ಕೊಡವಿದಳು. “ಹಂಗಾರೆ ಅವ್ರ್ ಕಡ್ಲಿಗ್ ಹೋಪವ್ರೇ ಅಲ್ಲ ಬಿಡಿ, ಸರ್.”

ಹಲಗೆಯ ಮೇಲೆ ಬೆಳಿಗ್ಗೆ ನಾನೇ ದೊಡ್ಡಕ್ಷರದಲ್ಲಿ ಬರೆದ ‘ಯುರೋಪಿನ ಸಾಹಸಿ ನಾವಿಕರು’ ಹಾಗೇ ಇತ್ತು. ಡಸ್ಟರ್ ಹುಡುಕಿದೆ. ಎಂದಿನಂತೆ ಸಿಗಲಿಲ್ಲ, ಅಂಗೈಯಲ್ಲೇ ಒರೆಸಿದೆ.