ಬಕೆಟ್ಟಿಗೆ ಬಿದ್ದ ಮಳೆ

ಹೊರಗೆ ಸುರಿಸಬೇಕಾದ ನೀರನ್ನು ನಮ್ಮ ಕೋಣೆಯ ಏಸಿ ಒಳಗೇ ಸುರಿಸುತ್ತಿತ್ತು. ಕೆಳಗೊಂದು ನೀಲಿ ಬಕೆಟ್ಟಿಟ್ಟು, ದೋಹಾದ ಅಲ್ ಮುಂತಜಾದಲ್ಲಿ ನಾನೂ ಜಯಣ್ಣನೂ ಮಳೆಗಾಲ ಅನುಭವಿಸುತ್ತಿದ್ದೆವು ಎಂದರೆ ನಗುತ್ತೀರಿ. ನಗಿ, ನಗಿಸುವುದೇ ನನ್ನ ಚಾಳಿ. ಮೈಸೂರಿನ ಜಯಣ್ಣ ನನಗಿಂತ ಹಿರಿಯರು, ಅವರ ಗೊರಕೆಯನ್ನು ಅವರಿಗೇ ಮಾಡಿ ತೋರಿಸುತ್ತಿದ್ದೆ. ಯಾರೂ ಸಿಗದಿದ್ದರೆ ನನ್ನದೇ ಉಡುಪಿ ರಾಗವನ್ನು ಅಣಕಿಸಿಕೊಳ್ಳುತ್ತಿದ್ದೆ.

ಟೀವಿಯಲ್ಲಿ ಯುರೋಪಿನ ಹವಾಮಾನ ಬಂದರೆ, ಹೆಗಲಿಗೆ ಮೈ ಒರೆಸುವ ಬೈರಾಸು ಏರಿಸಿ, ಬರೀ ಗೋಡೆಯ ಮೇಲೆ ಕೈಯಾಡಿಸುತ್ತ ನಾನೇ ವಾಚಕನಾಗುತ್ತಿದ್ದೆ. ಎಷ್ಟು ಶಿಸ್ತಿನ ಪಡುವಣ ಕರಾವಳಿ ಅದು! ಲಿಸ್ಬನ್ನಿನ ಬೇಸಿಗೆ ಒಣ ಬಿಸಿಲು; ಪೋರ್ಟೊಗೆ ಸರಿದರೆ ಬಿಸಿಲು ಕೊಂಚ ಮೆದು, ಮಳೆ ಕೊಂಚ ಧಾರಾಳ; ಹೀಗೆ ಅಕ್ಷಾಂಶದ ಮೆಟ್ಟಿಲು ಹತ್ತುತ್ತ ನಾರ್ವೆಯ ಬರ್ಗನ್ ತಲಪುವಷ್ಟರಲ್ಲಿ ಸೆಕೆ ಇಳಿದು, ಮೋಡಗಳು ಬೆಟ್ಟಕ್ಕೆ ತಾಗಿ, ಕೊಡೆ ಮಡಿಸುವುದಕ್ಕೂ ಪುರುಸೊತ್ತಿಲ್ಲ. ಆದರೂ ಚಳಿಗಾಲದಲ್ಲಿ ಕಡಲು ಆ ದಡವನ್ನು ಪೂರ್ತಿ ಹೆಪ್ಪುಗಟ್ಟಲು ಬಿಡುವುದಿಲ್ಲ. ಪಕ್ಕದಲ್ಲೊಂದು ಜೀವ ಮಲಗಿದ್ದರೆ ಹಾಗೆಯೇ ತಾನೆ?

ಜಯಣ್ಣನಿಗೆ ಉತ್ತರದ ಅಲ್ ಖೋರಿಗೆ ವರ್ಗವಾಯಿತು. ಕಂಪನಿ ಬಸ್ಸಿನ ಬಾಗಿಲಲ್ಲಿ ವಾಚಕನ ದನಿ ತೆಗೆದೆ: "ಉತ್ತರಕ್ಕೆ ಹೋಗುವುದಲ್ವಾ, ಸ್ವೆಟರ್ ಹಾಕಿಕೊಳ್ಳಿ ಮಾರಾಯ್ರೆ!"

"ಯಲ್ಲಾ, ನಡಿಯೋ ಕೋತಿ," ಎಂದರು. ಬಸ್ಸು ಹೊರಟಿತು.

ಮರುದಿನ ನೋಡಿದರೆ ಬಕೆಟ್ಟು ಅರ್ಧವೇ ತುಂಬಿತ್ತು. ಅರ್ಥವಾಗಲು ಹೊತ್ತು ಹಿಡಿಯಿತು: ಅಷ್ಟು ದಿನ ಅಲ್ಲಿ ಸುರಿದದ್ದು ಅವರ ಉಸಿರು, ಅವರು ಬೇಯಿಸಿದ ಅನ್ನದ ಹಬೆ, ಅವರು ಕೋಣೆಯಲ್ಲೇ ಒಣಹಾಕುತ್ತಿದ್ದ ಪಂಚೆಯ ಪಸೆ. ಉತ್ತರಕ್ಕೆ ಹೋದವರು ಅವರು, ಚಳಿ ಹತ್ತಿದ್ದು ನನಗೆ. ಟೀವಿಯ ವಾಚಕ ಒಬ್ಬನೇ ಒದರುತ್ತಿದ್ದ. ನೋಡುವವರಿಲ್ಲದ ಮೇಲೆ ಬೈರಾಸು ಬರೀ ಬೈರಾಸು.

ಶುಕ್ರವಾರ ಮಧ್ಯಾಹ್ನ ಫೋನು ಬಂತು.

"ಮಳೆ ಹೇಗಿದ್ಯೋ?"

"ಅರ್ಧ ಬಕೆಟ್ಟು ಜಯಣ್ಣ. ನಿಮ್ಮಲ್ಲಿ?"

"ಮಾಫಿ, ಏನೂ ಇಲ್ಲ! ಹೊಸ ಏಸಿ ಕಣೋ, ಒಂದು ಹನೀನೂ ಸೋರಲ್ಲ. ಹಾಳಾದ್ದು, ನಿದ್ದೇನೇ ಹತ್ತಲ್ಲ. ರಿಸೀವರ್ ಒಂಚೂರು ಬಕೆಟ್ ಹತ್ರ ಹಿಡಿಯೋ," ಎಂದರು.

ಚಳಿಯೆಂದು ಏಸಿಯನ್ನು ಬೆಳಿಗ್ಗೆಯೇ ಆರಿಸಿಬಿಟ್ಟಿದ್ದೆ. ಬಕೆಟ್ಟಿನ ಪಕ್ಕ ಕುಕ್ಕರಗಾಲಲ್ಲಿ ಕೂತು, ರಿಸೀವರಿಗೆ ಬಾಯಿ ಹಚ್ಚಿ, ನಾಲಗೆಯನ್ನು ಅಂಗುಳಕ್ಕೆ ತಾಗಿಸಿ ಬಿಟ್ಟೆ: ಟಪ್. ಸ್ವಲ್ಪ ಕಾದು ಮತ್ತೆ, ಟಪ್. ಅತ್ತಲಿಂದ ಗೊರಕೆ ಕೇಳಿಸಿತು, ನಿಜದ್ದೋ ನನ್ನಿಂದ ಕಲಿತದ್ದೋ ತಿಳಿಯಲಿಲ್ಲ. ನಾನು ಮಳೆ ನಿಲ್ಲಿಸಲಿಲ್ಲ.