ಕೆಂಪು ಗುಳಿಗೆ ಮಗನಿಗೆ, ಬಿಳಿ ಗುಳಿಗೆ ಸೊಸೆಗೆ

೨೦೦೪ರಲ್ಲಿ ನಾನು ರಾಮದುರ್ಗ, ಸವದತ್ತಿ, ಬೈಲಹೊಂಗಲ ಭಾಗದ ಕ್ಷಯರೋಗ ನಿಯಂತ್ರಣ ವೈದ್ಯಾಧಿಕಾರಿಯಾಗಿದ್ದೆ. ಸತ್ಯವನ್ನು ಕ್ರಮಬದ್ಧವಾಗಿ ವಿವರಿಸಿದರೆ ಸಮಾಜ ತಾನಾಗಿ ತಿದ್ದಿಕೊಳ್ಳುತ್ತದೆ ಎಂಬ ನಂಬಿಕೆಯನ್ನು ಕಾಲೇಜಿನ ಚರ್ಚಾಸ್ಪರ್ಧೆಗಳಿಂದ ತಂದಿದ್ದೆ. ಆದರೆ ಆ ವರ್ಷಗಳಲ್ಲಿ ಕ್ಷಯದ ಸ್ವರೂಪವೇ ಬದಲಾಗುತ್ತಿತ್ತು. ಎಚ್‌ಐವಿ ದೇಹದ ರಕ್ಷಣೆಯನ್ನು ಕುಗ್ಗಿಸಿದಲ್ಲೆಲ್ಲ, ಒಳಗೆ ಸುಮ್ಮನೆ ಮಲಗಿದ್ದ ಕ್ಷಯ ಎದ್ದು ಬರುತ್ತಿತ್ತು. ಮುದುಕರು ಕೆಮ್ಮುತ್ತ ಕೂರುತ್ತಿದ್ದ ಬೆಂಚಿನ ಮೇಲೆ ದುಡಿಯುವ ವಯಸ್ಸಿನ ದಂಪತಿಗಳು ಕಾಣಿಸತೊಡಗಿದ್ದರು.

ಕಲ್ಲಪ್ಪ ಅಂಥವನು. ರಾಮದುರ್ಗದ ನೇಕಾರ, ಇಚಲಕರಂಜಿಯ ಮಗ್ಗಗಳಲ್ಲಿ ದುಡಿದು ಮರಳಿದ್ದ. ಅವನಿಗೆ ಎರಡೂ ಸೋಂಕುಗಳಿದ್ದವು. ಅದನ್ನು ಮನೆಯವರಿಗೆ ಅವನೇ ತಿಳಿಸಿದ್ದ. ಮೊದಲ ಎರಡು ತಿಂಗಳು ಆರೋಗ್ಯ ಕಾರ್ಯಕರ್ತೆಯ ಎದುರಿಗೇ ಗುಳಿಗೆ ನುಂಗಿದ, ಕಫ ಶುದ್ಧವಾಯಿತು. ಮುಂದಿನ ಹಂತದಲ್ಲಿ ವಾರದ ಮೊದಲ ಡೋಸ್ ಮಾತ್ರ ನಮ್ಮೆದುರು, ಉಳಿದವು ಮನೆಯಲ್ಲಿ. ಗುಳಿಗೆಗಳ ಖಾಲಿ ಪಟ್ಟಿಗಳನ್ನು ತಪ್ಪದೆ ತಂದೊಪ್ಪಿಸುತ್ತಿದ್ದ. ಆದರೂ ಐದನೆಯ ತಿಂಗಳ ಕಫದಲ್ಲಿ ರೋಗಾಣು ಮತ್ತೆ ಕಂಡಿತು.

ಅವನ ಮನೆಗೆ ಹೋದೆ. ತಾಯಿ ಮಲ್ಲವ್ವ ಬಾಗಿಲಲ್ಲೇ ಗದರಿದಳು: "ಒಳಗ ಬರ್ರಿ ಸಾಹೇಬ್ರ. ನೀವು ಹೊರಗ ನಿಂತಷ್ಟೂ ಓಣಿ ಮಂದಿಗೆ ಉಂಡದ್ದ ಕರಗಂಗಿಲ್ಲ."

ಒಳಕೋಣೆಯಿಂದ ಹೆಣ್ಣಿನ ಕೆಮ್ಮು ಕೇಳಿತು. ಕಲ್ಲಪ್ಪನ ಹೆಂಡತಿ ರತ್ನವ್ವ.

"ಆಕಿಗೂ ಔಷಧ ನಡದೈತ್ರಿ," ಎಂದಳು ಮಲ್ಲವ್ವ, ನೆಮ್ಮದಿಯಿಂದ. "ಕೆಂಪು ಗುಳಿಗಿ ಜೋರ ಇರತಾವ, ಮಗಗ ಕೊಡತೇನಿ. ಬಿಳೀವು ಸೊಸಿಗೆ. ಒಂದ ರೋಗಕ್ಕ ಎರಡ ಡಬ್ಬಿ ಯಾಕ?"

ಕೆಂಪು ರಿಫಾಂಪಿಸಿನ್, ಬಿಳಿ ಐಸೋನಿಯಾಜಿಡ್. ಎರಡನ್ನೂ ಒಟ್ಟಿಗೆ ಕೊಟ್ಟರೆ ರೋಗಾಣು ಸಾಯುತ್ತದೆ. ಒಂದನ್ನೇ ಕೊಟ್ಟರೆ ಅದಕ್ಕೆ ಬಗ್ಗದಂತೆ ಬಲಿಯುತ್ತದೆ. ಒಂದೇ ಸೂರಿನಡಿ ಎರಡು ಬಗೆಯ, ಔಷಧಕ್ಕೆ ಬಗ್ಗದ ಕ್ಷಯ; ಹೊರಗೆ ಗೋಡೆಗೆ ಗೋಡೆ ತಾಗಿದ ಓಣಿ.

"ಇವತ್ತ ಸೊಸೀನ ದವಾಖಾನಿಗೆ ಕಳಸ್ರಿ," ಎಂದೆ.

"ಬಂದ್ರ ರಕ್ತಾನೂ ನೋಡತೇನಿ ಅಂತೀರಿ. ನನ್ನ ಮಗಳ ಮದವಿ ಮಾತು ನಡದೈತಿ."

ವಾದಿಸಿದೆ. ರೋಗ, ಕಾನೂನು, ಗೌಪ್ಯತೆ, ಎಲ್ಲವನ್ನೂ ಮುಂದಿಟ್ಟೆ. ಅವಳು ಪೂರ್ತಿ ಕೇಳಿಸಿಕೊಂಡಳು. "ನೀವು ಹೇಳೂದೆಲ್ಲಾ ಖರೆ. ಆದ್ರ ನೀವು ನಮ್ಮ ಓಣ್ಯಾಗ ಇರಂಗಿಲ್ಲ."

ಆಗ ರತ್ನವ್ವ ಬಾಗಿಲಿಗೆ ಬಂದು ನಿಂತಳು. "ಪಂಚಮಿಗೆ ಅಣ್ಣ ಕರಿಯಾಕ ಬರತಾನ್ರಿ. ಸಂಗೊಳ್ಳಿಗೆ ತವರಿಗೆ ಹ್ವಾದ್ರ ಯಾರೂ ಏನೂ ಕೇಳಂಗಿಲ್ಲ. ಬೈಲಹೊಂಗಲದಾಗ ರಕ್ತ ಕೊಡತೇನಿ. ಅಲ್ಲಿತನಕಾ ಉಳೀತೇನಿಲ್ಲೋ, ಅಷ್ಟ ಹೇಳ್ರಿ."

ಆ ಭರವಸೆ ಕೊಡುವ ಧೈರ್ಯ ನನಗಿರಲಿಲ್ಲ. "ಹಬ್ಬದ ತನಕ ಕಾಯಬ್ಯಾಡವ್ವ," ಎಂದೆ.

ಮಲ್ಲವ್ವ ಸೊಸೆಯತ್ತ ತಿರುಗಿದಳು. "ಅಣ್ಣಗ ಹೇಳಿ ಕಳಸ. ಮಂದಿ ಕೇಳಿದ್ರ, ತವರಿನವ್ರಿಗೆ ಈ ಸಲ ಅವಸರ ಐತಿ ಅಂತೇನಿ."

ಬೈಲಹೊಂಗಲದ ಪರೀಕ್ಷೆಯಲ್ಲಿ ರತ್ನವ್ವನಿಗೂ ಎರಡೂ ಸೋಂಕುಗಳಿರುವುದು ತಿಳಿಯಿತು. ಸಂಗೊಳ್ಳಿಯಲ್ಲಿ ಕಾರ್ಯಕರ್ತೆಯ ಎದುರು ಅವಳ ಪೂರ್ಣ ಚಿಕಿತ್ಸೆ ಆರಂಭವಾಯಿತು. ಕಲ್ಲಪ್ಪನ ಕಫವನ್ನು ಹೆಚ್ಚಿನ ಪರೀಕ್ಷೆಗೆ ಕಳಿಸಿದೆ. ವರದಿ ಬರುವ ಮೊದಲೇ ಅವನು ತೀರಿಕೊಂಡ. ರತ್ನವ್ವನ ಕಫದ ಪ್ರತಿ ಪರೀಕ್ಷೆಗೂ ನಾನು ಹೆದರುತ್ತಲೇ ಕಾದೆ. ಅವಳು ಗುಣವಾದಳು.

ಚರ್ಚೆಯಲ್ಲಿ ಎದುರಾಳಿಯ ವಾದ ಮುರಿದರೆ ಗೆಲುವು. ಹೆದರಿದ ಮನೆಗೆ ಬೇಕಾದದ್ದು ಮಾನ ಉಳಿಸಿಕೊಂಡು ಹೊರಬರಲು ಒಂದು ದಾರಿ. ಅಂದಿನಿಂದ ಔಷಧಿ ಕೊಡುವ ಮೊದಲು ಎರಡು ಪ್ರಶ್ನೆ ಕೇಳುತ್ತ ಬಂದೆ: ಮನೆಯಲ್ಲಿ ಇನ್ಯಾರು ಕೆಮ್ಮುತ್ತಾರೆ? ಅವರು ಯಾವ ಊರಿಗೆ ಬಂದರೆ ಯಾರೂ ಏನೂ ಕೇಳುವುದಿಲ್ಲ?